ಎಷ್ಟು ಸಾಕಿದರೆ ಸಾಕು?



ನಮ್ಮ ಹಾಡಿಕೆಯ ಮೇಳದೊಳಗ ಒಂದು ಕಟ್ಟಳೆ ಅದ. ಹರದೇಶಿಯವರು ಒಂದು ಕಡೆ, ನಾಗೇಶಿಯವರು ಒಂದು ಕಡೆ ಕೂಡತಾರ. ಒಂದು ಮೇಳ ಸವಾಲು ಹಾಕಿದರೆ ಎದುರಿನ ಮೇಳ ಅದಕ್ಕೆ ಜವಾಬು ಕೊಡಬೇಕು. ಜವಾಬು ಗೊತ್ತಿಲ್ಲದವ ತಿರುಗಿ ಇನ್ನೊಂದು ಸವಾಲು ಹಾಕಿ ತಪ್ಪಿಸಿಕೊಳ್ಳಲು ನೋಡಿದರೆ ಕೇಳುವ ಮಂದಿ ಅಲ್ಲೇ ಹಿಡಿತಾರ. "ಮೊದಲು ಅವರ ಮಾತಿಗೆ ಜವಾಬು ಕೊಡ್ರೆಪಾ, ಆಮ್ಯಾಲೆ ನಿಮ್ಮದು ಕೇಳ್ರಿ" ಅಂತಾರ. ನಲವತ್ತು ವರ್ಷ ನಾನು ಈ ಕಟ್ಟಳೆಯೊಳಗೇ ಹಾಡಿದವ. ಆದರೆ ಹೋದ ವರ್ಷ ನಮ್ಮ ಮನೆಯ ಅಂಗಳದೊಳಗೇ ಒಂದು ಸವಾಲು ಬಂತು. ಅವತ್ತು ಕಟ್ಟಳೆ ಮುರಿದವ ನಾನೇ.

ಸವಾಲು ಹಾಕಿದಾಕಿ ನನ್ನ ಮೊಮ್ಮಗಳು. ಅಕ್ಕಲಕೋಟಿಯೊಳಗ ಹನ್ನೊಂದನೆಯ ಇಯತ್ತೆ ವಿಜ್ಞಾನ ಕಲಿತಾಳ. ಸಂಜಿ ಮುಂದ ನಾನು ಎಮ್ಮಿ ಹಿಂಡತಿದ್ದೆ. ಎಮ್ಮಿ ಮೆಲುಕು ಹಾಕಿಕೋತ ಒಂದು ದೊಡ್ಡ ತೇಗು ತೇಗಿತು. ಕಟ್ಟಿ ಮ್ಯಾಲೆ ಪುಸ್ತಕ ಹಿಡಿದು ಕೂತಿದ್ದ ಹುಡುಗಿ ನಕ್ಕಳು.

"ಮುತ್ಯಾ, ಈಗ ನಮ್ಮ ಎಮ್ಮಿ ಜಗತ್ತಿನ ಹವಾ ಬಿಸಿ ಮಾಡಿತು ನೋಡು."

"ಹುಚ್ಚವ್ವಾ, ಎಮ್ಮಿ ಏನು ಮಾಡ್ತದ? ಮೋಟಾರಿನ ಹೊಗಿ ಮಾಡ್ತದ" ಅಂದೆ.

"ಇಲ್ಲ ಮುತ್ಯಾ, ಪುಸ್ತಕದಾಗ ಬರದಾರ. ದನ, ಎಮ್ಮಿ, ಕುರಿ, ಆಡು ತೇಗಿದಾಗ ಮಿಥೇನ್ ಅನ್ನೋ ಗ್ಯಾಸ್ ಹೊರಗ ಬರ್ತದ. ಅದು ಸೂರ್ಯನ ಕಾವು ಹಿಡಿದು ಇಟ್ಟುಕೋತದ. ನೀ ಇಷ್ಟು ದನ ಕಟ್ಟೀದಿ. ಇದಕ್ಕ ನೀ ಜವಾಬ್ದಾರ ಹೌದೋ ಅಲ್ಲೋ?"

ನನಗ ಸಿಟ್ಟು ಬಂತು. "ಅಮೇರಿಕಾದಾಗ ಮನಿಗೆ ಎರಡು ಮೂರು ಕಾರು ಇಟ್ಟಾರ. ಹೋಗಿ ಅವರನ್ನ ಕೇಳು" ಅಂದೆ.

ಹುಡುಗಿ ಸುಮ್ಮನಾದಳು. ಒಳಗ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಣ್ತಿ ಮಾತ್ರ ಸುಮ್ಮನಿರಲಿಲ್ಲ. "ಆಕಿ ಕೇಳಿದ್ದಕ್ಕ ಇದು ಜವಾಬಲ್ಲ, ಇದು ಇನ್ನೊಂದು ಸವಾಲು" ಅಂದಳು. ನಲವತ್ತು ವರ್ಷ ನನ್ನ ಹಾಡಿಕೆ ಕೇಳಿದಾಕಿ ಆಕಿ. ನನಗ ನಾಚಿಕಿ ಆತು. ಈ ಲೇಖನ ಆ ಸವಾಲಿಗೆ ಒಂದು ವರ್ಷ ತಡವಾಗಿ ಕೊಡುವ ಜವಾಬು.

ವಿಜ್ಞಾನದ ಮಾತು ನನಗ ಮೊದಲು ಗೊತ್ತಿರಲಿಲ್ಲ. ಮೊಮ್ಮಗಳು ಓದಿ ಹೇಳಿದ್ದು, ದನದ ಡಾಕ್ಟರರನ್ನು ಕೇಳಿ ತಿಳಿದದ್ದು, ವಾಚನಾಲಯದ ಪತ್ರಿಕೆಯೊಳಗ ಸಿಕ್ಕದ್ದು, ಇಷ್ಟೂ ಕೂಡಿಸಿ ನನಗ ತಿಳಿದಷ್ಟು ಹೇಳತೀನಿ.

ಆಕಳಿನ ಹೊಟ್ಟಿಯೊಳಗ ನಾಕು ಚೀಲ ಇರತಾವ. ಮೊದಲನೆಯ ದೊಡ್ಡ ಚೀಲದೊಳಗ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಾಣು ವಾಸ ಮಾಡತಾವ. ನಾವು ತಿಂದರೆ ಅರಗದ ಕಣಿಕಿ, ಹುಲ್ಲು, ಹೊಟ್ಟು ಅವು ಕೊಳಿಸಿ ಅರಗಿಸತಾವ. ಆಕಳು ಒಣ ಕಣಿಕಿ ತಿಂದು ಹಾಲು ಕೊಡೋದು ಅವುಗಳ ಪುಣ್ಯದಿಂದ. ಹಂಗ ಕೊಳಿಸುವಾಗ ಹುಟ್ಟುವ ಗ್ಯಾಸಿನಿಂದ ಇನ್ನೊಂದು ಜಾತಿಯ ಜೀವಾಣು ಮಿಥೇನ್ ಮಾಡತಾವ. ಅದು ಒಳಗೇ ಉಳಿದರೆ ಹೊಟ್ಟಿ ಉಬ್ಬಿ ದನ ಸಾಯ್ತದ. ಅದಕ್ಕ ದನ ತೇಗಬೇಕು. ಹೊಟ್ಟಿಯ ಮಿಥೇನ್ ಬಹುಪಾಲು ಬಾಯಿಂದಲೇ ಹೊರಗ ಬರ್ತದ, ಮಂದಿ ಚಾಷ್ಟಿ ಮಾಡುವಂಗ ಹಿಂದಿನಿಂದ ಅಲ್ಲ. ಅಂದರ ತೇಗೋದು ದನದ ತಪ್ಪಲ್ಲ, ಅದು ಬದುಕುವ ರೀತಿ. ಈ ಮಾತು ಮೊದಲು ನೆನಪಿರಲಿ. ತಪ್ಪು ಅಂತ ಇದ್ದರ ಅದು ಹಗ್ಗ ಹಿಡಿದವನದು.

ಈ ಮಿಥೇನ್ ಹವಾದಾಗ ಸುಮಾರು 12 ವರ್ಷ ಇರತದ, ಆಮ್ಯಾಲೆ ಕರಗಿ ಹೋಗತದ. ಕಲ್ಲಿದ್ದಲು, ಡೀಸೆಲ್ ಸುಟ್ಟಾಗ ಬರುವ ಇಂಗಾಲದ ಹೊಗಿ ನೂರಾರು ವರ್ಷ ಉಳಿತದ. ಆದರೆ ಇರುವಷ್ಟು ದಿನ ಮಿಥೇನ್ ಬಲು ಜೋರು. ನೂರು ವರ್ಷದ ಲೆಕ್ಕ ಹಿಡಿದರೂ ಒಂದು ಕಿಲೋ ಮಿಥೇನ್ ಸುಮಾರು 28 ಕಿಲೋ ಇಂಗಾಲದ ಹೊಗಿಗೆ ಸಮ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯವರು (ಐಪಿಸಿಸಿ) 2006ರಲ್ಲಿ ಒಂದು ಲೆಕ್ಕದ ಪುಸ್ತಕ ತೆಗೆದಾರ. ಅದರ ಪ್ರಕಾರ ಒಂದು ಎಮ್ಮಿ ವರ್ಷಕ್ಕ ತೇಗುವ ಮಿಥೇನ್ 55 ಕಿಲೋ. 28ರಿಂದ ಗುಣಿಸಿದರ 1540 ಕಿಲೋ. ಒಂದು ಲೀಟರ್ ಡೀಸೆಲ್ ಸುಟ್ಟರ ಸುಮಾರು 2.7 ಕಿಲೋ ಇಂಗಾಲದ ಹೊಗಿ ಬರತದ. ಅಂದರ ನನ್ನ ಒಂದು ಎಮ್ಮಿಯ ಒಂದು ವರ್ಷದ ತೇಗು ಸುಮಾರು 570 ಲೀಟರ್ ಡೀಸೆಲ್ ಸುಟ್ಟಂಗ.

ಮೊಮ್ಮಗಳು ಈ ಲೆಕ್ಕ ಮಾಡಿ ತೋರಿಸಿದಾಗ ನಾನು ಎರಡು ಸಲ ಗುಣಿಸಿ ನೋಡಿದೆ. ತಪ್ಪು ಸಿಗಲಿಲ್ಲ.

ಆಮ್ಯಾಲೆ ಎತ್ತಿನ ಲೆಕ್ಕ. ಅದೇ ಪುಸ್ತಕದೊಳಗ ನಮ್ಮ ಸೀಮಿಯ ಹಾಲು ಕೊಡದ ದನಕ್ಕ ವರ್ಷಕ್ಕ 27 ಕಿಲೋ ಹಿಡಿದಾರ. ಜೋಡಿ ಎತ್ತಿಗೆ 54. ಅದೂ ಸುಮಾರು 560 ಲೀಟರ್ ಡೀಸೆಲಿಗೆ ಸಮ ಆಗತದ. ನನ್ನ ಹೊಲ ನಾಕು ಎಕರೆ. ನೇಗಿಲು, ಹರಗೋದು, ಬಿತ್ತೋದು ಎಲ್ಲಾ ಟ್ರ್ಯಾಕ್ಟರಿನಿಂದ ಮಾಡಿಸಿದರೂ ಇದರ ಕಾಲು ಪಾಲು ಡೀಸೆಲ್ ಹತ್ತೂದಿಲ್ಲ. ಟ್ರ್ಯಾಕ್ಟರ್ ಬೈದು, ಎತ್ತು ಹೊಗಳಿ ಎಷ್ಟು ಪದ ಹಾಡೀನಿ ನಾನು! ಹವಾದ ಲೆಕ್ಕದಾಗ ಟ್ರ್ಯಾಕ್ಟರ್ ಗೆದ್ದಿತು, ಎತ್ತು ಸೋತಿತು. ಹಾಡಿನಾಗ ಬರೋದೆಲ್ಲಾ ಲೆಕ್ಕದಾಗ ಬರೂದಿಲ್ಲ. ಅದನ್ನ ಒಪ್ಪಿಕೊಳ್ಳದೆ ಮುಂದ ಹೋಗಲಾರೆ.

ಹಿಂಗಾಗಿ ನಾನು ಮೊದಲು ಬಡವನ ಪರವಾಗಿ ಏನೇನು ಹೇಳಬಹುದು ಅಂತ ಹುಡುಕಿದೆ. ಹೇಳುವುದು ಬಾಳ ಅದ, ಅದೂ ಸುಳ್ಳಲ್ಲ.

1991ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ಅವರು ಒಂದು ಸಣ್ಣ ಪುಸ್ತಕ ಬರೆದರು. ಶ್ರೀಮಂತ ದೇಶದ ಕಾರಿನ ಹೊಗಿ ಮತ್ತು ಬಡ ದೇಶದ ರೈತನ ದನದ ತೇಗು, ಭತ್ತದ ಗದ್ದಿಯ ಗ್ಯಾಸು ಇವೆರಡನ್ನೂ ಒಂದೇ ತಕ್ಕಡಿಯೊಳಗ ತೂಗಬಾರದು ಅಂತ ಅವರ ವಾದ. ಒಂದು ಬದುಕಿಗಾಗಿ, ಇನ್ನೊಂದು ಸುಖಕ್ಕಾಗಿ. ಬಾಳ ಸರಿಯಾದ ಮಾತು. 2021ರಲ್ಲಿ ಗ್ಲಾಸ್ಗೋ ಊರಾಗ ಜಗತ್ತಿನ ದೇಶಗಳು ಕೂಡಿದಾಗ, 2030ರ ಒಳಗ ಮಿಥೇನ್ ನೂರಕ್ಕ 30 ಪಾಲು ಕಡಿಮೆ ಮಾಡತೀವಿ ಅಂತ ನೂರಕ್ಕೂ ಹೆಚ್ಚು ದೇಶ ಒಪ್ಪಿಕೊಂಡವು. ನಮ್ಮ ದೇಶ ಸಹಿ ಹಾಕಲಿಲ್ಲ. ಸಣ್ಣ ರೈತನ ಹೊಟ್ಟಿಪಾಡಿನ ದನ ಮತ್ತು ಗದ್ದಿಯ ಪ್ರಶ್ನಿ ಇದು ಅಂತ ನಮ್ಮ ಸರಕಾರ ಹೇಳಿತು. ನನಗೂ ಅದು ಸರಿ ಅನಸತದ. ನಾಕು ಎಕರೆಯ ಒಕ್ಕಲಿಗನಿಗೆ ಎಮ್ಮಿ ಅಂದರ ಬ್ಯಾಂಕು. ಮಳಿ ಕೈಕೊಟ್ಟ ವರ್ಷ ಜೋಳ ಬರದಿದ್ದರೂ ಡೇರಿಯ ಬಿಲ್ಲು ಹತ್ತು ದಿನಕ್ಕೊಮ್ಮೆ ಬರತದ. ಮಗಳ ಬಾಣಂತನ, ಮೊಮ್ಮಕ್ಕಳ ಫೀಸು ಅದರ ಮ್ಯಾಲೇ ನಡಿತದ.

ಇನ್ನೊಂದು ಮಾತೂ ಅದ. ನಮ್ಮ ದನ ತಿನ್ನೋದು ಜೋಳದ ಕಣಿಕಿ, ತೊಗರಿ ಹೊಟ್ಟು, ಶೇಂಗಾ ಬಳ್ಳಿ, ಕಬ್ಬಿನ ವಾಡಿ, ಬದುವಿನ ಹುಲ್ಲು. ಮನುಷ್ಯರ ಬಾಯಿಂದ ಕಸಿದುಕೊಂಡ ಕಾಳಲ್ಲ. ದೊಡ್ಡ ದೇಶದೊಳಗ ಕಾಡು ಕಡಿದು, ಅಲ್ಲಿ ಸೋಯಾ ಬೆಳೆದು, ಅದನ್ನ ದನಕ್ಕ ಹಾಕಿ ಮಾಂಸ ಮಾಡತಾರ. ನಮ್ಮದು ಆ ಜಾತಿ ಅಲ್ಲ. ಮ್ಯಾಲೆ ಸೆಗಣಿ ಹೊಲಕ್ಕ ಹೋಗತದ, ಕುಳ್ಳು ಒಲಿಗೆ ಹೋಗತದ. ಹತ್ತು ಗಾಡಿ ತಿಪ್ಪಿ ಗೊಬ್ಬರ ಹಾಕಿದ ಎರಿ ಹೊಲ ಮಳಿ ತಡವಾದರೂ ಹಸಿ ಹಿಡಿದು ನಿಲ್ಲತದ. ಚೀಲದ ಗೊಬ್ಬರಕ್ಕ ಆ ಗುಣ ಇಲ್ಲ.

ಈ ಮಾತೆಲ್ಲಾ ಖರೇನೇ. ಆದರೆ ಹೆಣ್ತಿ ಹೇಳಿದ ಮಾತು ಬೆನ್ನು ಬಿಡಲಿಲ್ಲ. ಇವೆಲ್ಲಾ ಅಮೇರಿಕಾದವನ ಮುಂದ ಹೇಳುವ ಮಾತು. ದೇಶದ ಸಲುವಾಗಿ ಮಾತಾಡುವವರು ಸಭೆಯೊಳಗ ಹೇಳಬೇಕು, ಹೇಳಲಿ. ನನ್ನ ಮೊಮ್ಮಗಳ ಮುಂದ ನಾನು ಹೇಳಬೇಕಾದ್ದು ಬ್ಯಾರೆ. ಮಂದಿ ನನಗಿಂತ ಹೆಚ್ಚು ತಪ್ಪು ಮಾಡ್ಯಾರ ಅಂದ ಮಾತ್ರಕ್ಕ ನನ್ನ ಕೊಟ್ಟಿಗಿಯೊಳಗಿನ ತಪ್ಪು ಇಲ್ಲದಂಗ ಆಗೂದಿಲ್ಲ. ಊರ ಸಾಹುಕಾರ ಹೊಲದ ಬದು ಒತ್ತಿದ ಅಂತ ನಾನು ನೆರೆಯವನ ಬದು ಒತ್ತಲಿಕ್ಕೆ ಬರತದೇನು?

ಹಂಗಾರ ನನ್ನ ಕೊಟ್ಟಿಗಿಯೊಳಗ ತಪ್ಪು ಯಾವುದು? ಇದನ್ನ ಹೇಳಬೇಕಾದರ 2018-19ರ ಬರಗಾಲದ ಮಾತು ಎತ್ತಬೇಕು.

ಆಗ ನನ್ನ ಹತ್ತಿರ ಏಳು ದನ ಇದ್ದವು. ಎರಡು ಎತ್ತು, ಎರಡು ಎಮ್ಮಿ, ಒಂದು ಜರ್ಸಿ ಆಕಳು, ಎರಡು ಕರ. ನಾಕು ಎಕರೆಯ ಮೇವು ಒಳ್ಳೆಯ ವರ್ಷದಾಗೂ ನಾಕಕ್ಕಿಂತ ಹೆಚ್ಚು ದನಕ್ಕ ಸಾಲೂದಿಲ್ಲ. ಮತ್ತ ಏಳು ಯಾಕ? ನಿಜ ಹೇಳತೀನಿ, ಮಾನಕ್ಕ. ನಮ್ಮ ಅಪ್ಪನ ಕಾಲದಾಗ ಹೆಣ್ಣು ಕೊಡುವವರು ಬಂದರ ಮೊದಲು ಮನಿ ನೋಡತಿರಲಿಲ್ಲ, ಕೊಟ್ಟಿಗಿ ನೋಡತಿದ್ದರು. ಗ್ವಾದಲಿ ಮುಂದ ಎಷ್ಟು ಬಾಯಿ ಅದಾವ ಅಂತ ಎಣಸತಿದ್ದರು. ಆ ಎಣಿಕಿ ನನ್ನ ತಲಿಯೊಳಗ ಕೂತುಬಿಟ್ಟಿತ್ತು.

ಆ ವರ್ಷ ಹಿಂಗಾರಿ ಮಳಿ ಆಗಲಿಲ್ಲ. ಜೋಳ ಗೇಣು ಎತ್ತರಕ್ಕ ಬಂದು ಒಣಗಿತು. ಬೋರಿ ಹೊಳಿಯಾಗ ಉಸುಕು ಕಂಡಿತು. ಬಣವಿ ಸಂಕ್ರಾಂತಿಯೊಳಗೇ ಮುಗಿತು. ಸೊಲ್ಲಾಪುರ ಜಿಲ್ಲೆಯೊಳಗ ಅಲ್ಲಲ್ಲಿ ಚಾರಾ ಛಾವಣಿ ತೆಗೆದರು. ನಾವೂ ದನ ಹೊಡಕೊಂಡು ಹೋಗಿ ಅಲ್ಲೇ ಇದ್ದೆವು. ಸಿಕ್ಕದ್ದು ಬರೀ ಕಬ್ಬಿನ ವಾಡಿ. ಬರೀ ವಾಡಿ ತಿಂದರ ದನದ ಮೈಯಾಗಿನ ಸುಣ್ಣದ ಅಂಶ ಕಡಿಮೆ ಆಗತದ ಅಂತ ಡಾಕ್ಟರರು ಆಮ್ಯಾಲೆ ಹೇಳಿದರು. ಎರಡು ಎಮ್ಮಿ, ಒಂದು ಆಕಳು ಕೂಡಿ ದಿನಕ್ಕ ಮೂರು ಲೀಟರ್ ಹಾಲು ಕೊಡತಿದ್ದವು. ಏಳು ದನದ ಪಕ್ಕೆಲುಬು ಎಣಸಬಹುದಿತ್ತು. ಆದರೂ ಏಳೂ ಮೆಲುಕು ಹಾಕತಿದ್ದವು, ಏಳೂ ತೇಗತಿದ್ದವು. ಹೊಟ್ಟಿ ಅರ್ಧ ತುಂಬಿದರೂ ತೇಗು ನಿಲ್ಲೂದಿಲ್ಲ. ಹಾಲು ನಿಲ್ಲತದ, ಕಸುವು ನಿಲ್ಲತದ, ಗಬ್ಬ ನಿಲ್ಲೂದು ತಪ್ಪತದ, ತೇಗು ಮಾತ್ರ ಇರತದ.

ಆ ಎರಡು ಕರದೊಳಗ ಒಂದು ಕೋಣಗರು. ಅದರ ಮಾತು ಇಲ್ಲಿ ತನಕ ಯಾರ ಮುಂದೂ ಬಾಯಿ ಬಿಟ್ಟು ಹೇಳಿಲ್ಲ. ಎಮ್ಮಿ ಈಯ್ದಾಗ ಹೆಣ್ಣುಗರು ಆದರ ಜೋಪಾನ ಮಾಡತೀವಿ. ಗಂಡಾದರ ತೊರೆ ಬಿಡುವಷ್ಟು ಮಾತ್ರ ಮೊಲಿಗೆ ಬಿಟ್ಟು ಎಳೆದು ಕಟ್ಟತೀವಿ. ಕೊಲ್ಲೂದಿಲ್ಲ, ಆದರೆ ಬದುಕಲಿಕ್ಕೆ ಬಿಡೂದೂ ಇಲ್ಲ. ಮೂರು ವಾರದಾಗ ಅದು ತಾನಾಗೇ ಹೋಗತದ. "ಉಳಿಲಿಲ್ಲರಿ" ಅಂತ ಮಂದಿ ಮುಂದ ಹೇಳತೀವಿ. ನನ್ನ ಕೋಣಗರು ಛಾವಣಿಯೊಳಗೇ ಹೋಯಿತು. ಅವತ್ತು ರಾತ್ರಿ ಅಲ್ಲಿ ಭಜನಿ ಇತ್ತು. ಗೋವಿನ ಹಾಡು ಹಾಡ್ರಿ ಅಂತ ಮಂದಿ ಕೇಳಿದರು. ಹುಲಿಗೆ ಕೊಟ್ಟ ಮಾತು ಉಳಿಸಲಿಕ್ಕೆ ಆಕಳು ತನ್ನ ಕರು ಬಿಟ್ಟು ಹೋಗುವ ಕತಿ ಅದು. ನಾನು ಹಾಡಿದೆ. ಮಂದಿ ಅತ್ತರು. ನನಗ ಮಾತ್ರ ಕಣ್ಣೀರು ಬರಲಿಲ್ಲ. ಯಾಕಂದರ ಆ ಹಾಡಿನೊಳಗಿನ ಹುಲಿಗೂ ಕರುಣಿ ಇತ್ತು.

ನನ್ನ ತಪ್ಪು ದನ ಕಟ್ಟಿದ್ದಲ್ಲ. ಹೊಟ್ಟಿ ತುಂಬಿಸಲಾರದಷ್ಟು ದನ ಕಟ್ಟಿದ್ದು ತಪ್ಪು. ಬ್ಯಾಡಾದ ಜೀವ ಹುಟ್ಟಿಸಿ ಅದನ್ನ ಸಾಯಲಿಕ್ಕೆ ಬಿಟ್ಟದ್ದು ತಪ್ಪು. ಇದು ಹವಾಮಾನದ ಮಾತು ಬರುವುದಕ್ಕಿಂತ ಮೊದಲೇ ತಪ್ಪಾಗಿತ್ತು. ಹವಾದ ಲೆಕ್ಕ ಬಂದು ಅದನ್ನ ನನ್ನ ಮುಂದ ಹಿಡಿದು ತೋರಿಸಿತು, ಅಷ್ಟೇ.

ಈಗ ಇನ್ನೊಂದು ಲೆಕ್ಕ ನೋಡ್ರಿ, ಇದರಾಗೇ ಗುಟ್ಟು ಅದ. ಅದೇ 2006ರ ಪುಸ್ತಕದೊಳಗ ಅಮೇರಿಕಾ ಸೀಮಿಯ ಹಾಲಿನ ಆಕಳು ವರ್ಷಕ್ಕ 128 ಕಿಲೋ ಮಿಥೇನ್ ಬಿಡತದ ಅಂತ ಅದ. ನಮ್ಮ ಸೀಮಿಯ ಹಾಲಿನ ಆಕಳು 58 ಕಿಲೋ. ಇದನ್ನ ಕೇಳಿ ನಾನು "ನೋಡು, ನಮ್ಮದು ಅರ್ಧನೂ ಇಲ್ಲ" ಅಂತ ಎದಿ ಉಬ್ಬಿಸಿದೆ. ಮೊಮ್ಮಗಳು ಮುಂದಿನ ಸಾಲು ಓದಿದಳು. ಅವರ ಆಕಳು ಕೊಡುವ ಹಾಲು ವರ್ಷಕ್ಕ 8400 ಕಿಲೋ, ನಮ್ಮದು 900 ಕಿಲೋ. ಹಾಲಿನ ಮ್ಯಾಲೆ ಹಂಚಿದರ ಅವರದು ಒಂದು ಕಿಲೋ ಹಾಲಿಗೆ 15 ಗ್ರಾಂ ಮಿಥೇನ್, ನಮ್ಮದು 64 ಗ್ರಾಂ. ನಾಕು ಪಟ್ಟು ಹೆಚ್ಚು.

ಅಂದ ಮ್ಯಾಲೆ ನಾವೂ ಅವರಂಗ ದೊಡ್ಡ ಹೊಟ್ಟಿಯ ಆಕಳು ತಂದು ಕಾಳು ತಿನ್ನಿಸೋಣೇನು? ಅಲ್ಲ. ನಮ್ಮ ಬಿಸಿಲಿಗೆ ಅವು ತಾಳೂದಿಲ್ಲ, ಆ ಕಾಳು ನಮ್ಮ ಹತ್ತಿರ ಇಲ್ಲ. ನಮ್ಮ ನೆಲಕ್ಕ ಪಂಢರಪುರಿ ಎಮ್ಮಿ ಅದ, ಖಿಲಾರಿ ಎತ್ತು ಅದ. ಎರಡೂ ಸೊಲ್ಲಾಪುರ ಸೀಮಿಯವೇ, ಬಿಸಿಲು, ಒಣ ಮೇವು ಎರಡನ್ನೂ ತಾಳುವಂಥವು. ಕಲಿಯಬೇಕಾದ್ದು ಒಂದೇ. ಅರೆಹೊಟ್ಟಿಯ ನಾಕು ದನಕ್ಕಿಂತ ತುಂಬಿದ ಹೊಟ್ಟಿಯ ಒಂದು ದನ ಲೇಸು. ಚಲೋ ತಿಂದ ಎಮ್ಮಿ ಸ್ವಲ್ಪ ಹೆಚ್ಚು ತೇಗಬಹುದು, ಹಾಲು ಮಾತ್ರ ಎರಡು ಮೂರು ಪಟ್ಟು ಕೊಡತದ, ವೇಳ್ಯಾಕ್ಕ ಸರಿಯಾಗಿ ಗಬ್ಬ ನಿಲ್ಲತದ. ಗೊಡ್ಡು ಬಿದ್ದು ಎರಡು ವರ್ಷ ಬರೇ ತೇಗಿಕೋತ ನಿಲ್ಲೂದಿಲ್ಲ.

ಮಿಥೇನ್ ಅಂದರ ಬ್ಯಾರೆ ಏನಲ್ಲ, ನಾ ಹಾಕಿದ ಮೇವೇ. ತಿಂದ ಮೇವಿನ ಶಕ್ತಿಯೊಳಗ ನೂರಕ್ಕ 2ರಿಂದ 12 ಪಾಲು ಹಿಂಗ ತೇಗಿ ಹವಾ ಆಗಿ ಹೋಗತದ ಅಂತ ಪಶು ವಿಜ್ಞಾನದವರು ಅಳೆದಾರ. ಬಿಸಲಾಗ ಕೊಯ್ದು, ಗಾಡಿ ಹೂಡಿ ತಂದು, ಬಣವಿ ಒಟ್ಟಿದ ನನ್ನ ಕಣಿಕಿ! ಜಗತ್ತಿನ ಚಿಂತಿ ಇಲ್ಲದವನಿಗೂ ಈ ನಷ್ಟದ ಚಿಂತಿ ಇರಬೇಕು.

ಕಡಿಮೆ ಮಾಡುವ ದಾರಿ ದೊಡ್ಡವರೂ ಹುಡುಕ್ಯಾರ. ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಒಗರು ಗುಣ ಇರುವ ಗಿಡಗಳಿಂದ 'ಹರಿತ ಧಾರಾ' ಅನ್ನುವ ಪುಡಿ ಮಾಡ್ಯಾರ. ಮೇವಿನ ಜೋಡಿ ಅದನ್ನ ಹಾಕಿದರ ಮಿಥೇನ್ ನೂರಕ್ಕ 17ರಿಂದ 20 ಪಾಲು ಕಡಿಮೆ ಆಗತದಂತ. ಆನಂದದ ರಾಷ್ಟ್ರೀಯ ಡೇರಿ ಮಂಡಳಿಯವರು ಊರೂರಿಗೆ ಹೋಗಿ, ರೈತನ ಹತ್ತಿರ ಇರುವ ಮೇವನ್ನೇ ಯಾವುದು ಎಷ್ಟು ಹಾಕಬೇಕು ಅಂತ ತೂಗಿ ಹೇಳಿಕೊಟ್ಟರು. ಹಾಲೂ ಹೆಚ್ಚಾತು, ತೇಗೂ ಕಡಿಮೆ ಆತು ಅಂತ ಅವರ ಅನುಭವ. ಪರದೇಶದಾಗ ಸಮುದ್ರದ ಪಾಚಿ ತಿನ್ನಿಸಿ ನೋಡಾಕತ್ತಾರ. ಡೆನ್ಮಾರ್ಕ್ ದೇಶ 2030ರಿಂದ ದನದ ಗ್ಯಾಸಿಗೆ ತೆರಿಗಿ ಹಾಕತೀವಿ ಅಂತ 2024ರಲ್ಲಿ ತೀರ್ಮಾನ ಮಾಡಿತು. ಅಲ್ಲಿ ಒಬ್ಬೊಬ್ಬ ರೈತನ ಹತ್ತಿರ ನೂರಾರು ದನ ಇರತಾವ, ಅವರಿಗೆ ಅದು ನಡೀತದ. ಎರಡು ದನದ ನಮ್ಮ ವಿಧವೆ ಅಕ್ಕತಂಗೇರ ಮ್ಯಾಲೆ ಹಂಥಾ ತೆರಿಗಿ ಹಾಕಿದರ ಅದು ಅನ್ಯಾಯ. ನಮಗ ದಂಡ ಬ್ಯಾಡ, ಕಲಿಸುವವರು ಬೇಕು.

ನಾ ಏನು ಮಾಡಿದೆ ಅಂತ ಹೇಳಿ ಮುಂದ ಹೋಗತೀನಿ, ಇದು ದೊಡ್ಡಸ್ತಿಕಿಗೆ ಅಲ್ಲ. ಜರ್ಸಿ ಆಕಳು, ಒಂದು ಎಮ್ಮಿ ಮೇವಿದ್ದ ಮನಿಗೆ ಕೊಟ್ಟೆ. ಹೆಣ್ಣುಗರು ಬೀಗರ ಮನಿಗೆ ಹೋತು. ಉಳಿದ ಎಮ್ಮಿಗೆ ಕಣಿಕಿ ಇಡಿಯಾಗಿ ಹಾಕೋದು ಬಿಟ್ಟು ಕುಟ್ಟಿ ಮಷಿನಿನಾಗ ಕತ್ತರಿಸಿ ಹಾಕತೀನಿ. ಮೊದಲು ಅರ್ಧ ಕಾಲಾಗ ತುಳಿದು ಹೋಗತಿತ್ತು, ಈಗ ಹೋಗೂದಿಲ್ಲ. ಹತ್ತು ಗುಂಟೆಯಾಗ ಹಸಿ ಮೇವು, ಅಲಸಂದಿ ಹಾಕೀನಿ. ಹತ್ತಿಕಾಳು ಹಿಂಡಿ ಸ್ವಲ್ಪ, ಖನಿಜ ಪುಡಿ ಒಂದು ಮುಟಗಿ. ಎಮ್ಮಿ ಈಗ ದಿನಕ್ಕ ಐದು ಲೀಟರ್ ಕೊಡತದ. ಅಂದರ ಮೊದಲು ಮೂರು ದನ ಕೊಟ್ಟದ್ದಕ್ಕಿಂತ ಹೆಚ್ಚು. ಇಂಜೆಕ್ಷನ್ ಮಾಡಿಸುವಾಗ ಹೆಣ್ಣುಗರೇ ಹುಟ್ಟುವ ಬೀಜ ಕೇಳಿ ಹಾಕಿಸಿದೆ. ಹಂಥಾ ಬೀಜದಿಂದ ಹತ್ತರಾಗ ಒಂಬತ್ತು ಹೆಣ್ಣೇ ಹುಟ್ಟತಾವ. ಕೆಲವು ಹಿರಿಯರು "ಇದು ದೇವರ ಕೆಲಸದಾಗ ಕೈ ಹಾಕಿದಂಗ" ಅಂದರು. ನಾ ಅವರಿಗೆ ಹೇಳಿದೆ: ಹುಟ್ಟಿದ ಕೋಣಗರು ಉಪವಾಸ ಕೆಡವೋದೂ ದೇವರ ಕೆಲಸದಾಗ ಕೈ ಹಾಕಿದಂಗೇ ಅಲ್ಲೇನು? ಎರಡರಾಗ ಪಾಪ ಕಡಿಮೆ ಇದ್ದದ್ದು ಯಾವುದು, ನೀವೇ ಹೇಳ್ರಿ.

ಇಲ್ಲಿಗೆ ಜವಾಬು ಮುಗಿತು ಅಂದುಕೊಂಡಿದ್ದೆ. ಮೊಮ್ಮಗಳು ಮತ್ತೊಂದು ಸವಾಲು ತೆಗೆದಳು.

"ಹಂಗಾರ ಮುತ್ಯಾ, ನಮ್ಮ ರಾಜಾ ಯಾಕ ಇರಬೇಕು? ದುಡಿಯೂದಿಲ್ಲ, ಏನೂ ಕೊಡೂದಿಲ್ಲ, ಬರೇ ತೇಗತದ."

ರಾಜಾ ನಮ್ಮ ಹಿರೇ ಎತ್ತು. ಹದಿನೆಂಟು ವರ್ಷದ್ದು. ಎಡಗಣ್ಣು ಕಾಣೂದಿಲ್ಲ, ನೊಗ ಹೊತ್ತು ಹೊತ್ತು ಹೆಗಲು ಕಲ್ಲಾಗಿ ಹೋಗ್ಯಾದ. ನಮ್ಮ ರಾಜ್ಯದಾಗ 2015ರಿಂದ ಎತ್ತು ಕಡಿಯುವುದಕ್ಕೂ ಕಾಯ್ದೆಯ ಬಂದಿ ಬಂತು. ಹಿಂದಕ್ಕ ಮುದಿ ಎತ್ತು ಸಂತಿಗೆ ಹೋದರ ಎಲ್ಲಿಗೆ ಹೋಗತದ ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳತಿರಲಿಲ್ಲ. ಬಂದ ರೊಕ್ಕಕ್ಕ ಇನ್ನಷ್ಟು ಹಾಕಿ ಹೋರಿ ತರತಿದ್ದೆವು. ಈಗ ಮುದಿ ಎತ್ತಿಗೆ ಗಿರಾಕಿ ಇಲ್ಲ. ಎಷ್ಟೋ ಮಂದಿ ರಾತ್ರಿ ಹಗ್ಗ ಬಿಚ್ಚಿ ಬೀದಿಗೆ ಬಿಡತಾರ. ಬಡ ರೈತನಿಗೆ ಇದರಿಂದ ಆದ ತ್ರಾಸು ಸಣ್ಣದಲ್ಲ, ಅವನನ್ನ ಬೈಯಲಿಕ್ಕೆ ನನಗ ಬಾಯಿ ಇಲ್ಲ. ಕಾಯ್ದೆ ಸರಿಯೋ ತಪ್ಪೋ ಅನ್ನೋ ವಾದ ಬ್ಯಾರೆ. ನನ್ನ ಮುಂದಿನ ಪ್ರಶ್ನಿ ಕಾಯ್ದೆಯದಲ್ಲ, ರಾಜಾನದು.

ಲೆಕ್ಕದ ಪುಸ್ತಕ ಹಿಡಿದರ ಮೊಮ್ಮಗಳ ಮಾತು ಪಕ್ಕಾ. ವರ್ಷಕ್ಕ 27 ಕಿಲೋ ಮಿಥೇನ್, ಹುಟ್ಟುವಳಿ ಸೊನ್ನಿ. ಆದರೆ ಆ ಪುಸ್ತಕದೊಳಗ ಋಣ ಅನ್ನುವ ಕಲಮು ಇಲ್ಲ. ಹದಿನಾಕು ವರ್ಷ ಅದು ನನ್ನ ಹೊಲ ಉತ್ತದ. ಅದರ ದುಡಿಮಿಯೊಳಗ ಇಬ್ಬರು ಮಕ್ಕಳ ಮದುವಿ ಆಗ್ಯಾವ. ಹಿಂದ ದುಡಿದವ ಇಂದು ಹವಾ ಬಿಸಿ ಮಾಡತಾನ ಅಂತ ಹೊರಗ ಹಾಕುವುದಾದರ, ನಾಳೆ ನನ್ನ ಕತಿ ಏನು? ನಾನೂ ದುಡಿಯೂದು ಬಿಟ್ಟು ಎರಡು ವರ್ಷ ಆತು. ದಿನಾ ಮೂರು ಹೊತ್ತು ಉಣತೀನಿ, ತೇಗತೀನಿ.

ಇದನ್ನ ಹೇಳಿದಾಗ ಹುಡುಗಿ ನಕ್ಕಳು. ಆಮ್ಯಾಲೆ ಸುಮ್ಮನಾಗಿ, "ಹಂಗಾರ ಯಾರನ್ನೂ ಬಿಡಲಿಕ್ಕೆ ಬರೂದಿಲ್ಲ, ಕಡಿಮೆ ಹೆಂಗ ಆಗತದ?" ಅಂತ ಕೇಳಿದಳು. ಇದೇ ಖರೇ ಸವಾಲು. ಇದಕ್ಕ ನಾನು ಬಾಳ ದಿನ ವಿಚಾರ ಮಾಡಿದೆ.

ನನ್ನ ಜವಾಬು ಇಷ್ಟು. ಇದ್ದ ಜೀವಕ್ಕ ಒಂದು ಧರ್ಮ, ಇನ್ನೂ ಹುಟ್ಟದ ಜೀವಕ್ಕ ಇನ್ನೊಂದು ಧರ್ಮ. ಇದ್ದದ್ದನ್ನ ಕಡೀತನಕ ನೋಡಿಕೊಳ್ಳಬೇಕು, ಅದರಾಗ ಲೆಕ್ಕ ಮಾಡಬಾರದು. ಹುಟ್ಟಿಸುವ ಮೊದಲು, ಕೊಂಡು ತರುವ ಮೊದಲು ಮಾತ್ರ ಲೆಕ್ಕ ಮಾಡಬೇಕು. ಅಲ್ಲಿ ದಯಾ ತೋರಿಸಲಿಕ್ಕೆ ಹೋಗಿ ನಾವು ಕೆಟ್ಟೇವಿ. ರಾಜಾ ಇರೂತನಕ ಇರತಾನ. ಅವ ಹೋದ ಮ್ಯಾಲೆ ಆ ಗೂಟಕ್ಕ ಹೊಸಾ ಹೋರಿ ಬರೂದಿಲ್ಲ. ಉಳಿದ ಎತ್ತು ನೆರೆಮನಿಯವರ ಒಂಟಿ ಎತ್ತಿನ ಜೋಡಿ ಹೂಡತೀವಿ, ಅವರ ಕೆಲಸ ಒಂದು ದಿನ, ನಮ್ಮದು ಒಂದು ದಿನ. ಉಳಿದದ್ದಕ್ಕ ಟ್ರ್ಯಾಕ್ಟರ್ ಬಾಡಿಗಿ. ಈ ಮಾತು ಬರೆಯುವಾಗ ನನಗ ಸಂಕಟ ಆಗತದ. ಕಾರಹುಣ್ಣಿಮಿಗೆ ಕೋಡಿಗೆ ಬಣ್ಣ ಹಚ್ಚಿ, ಝೂಲ ಹೊದಿಸಿ, ಜೋಡಿ ಎತ್ತು ಅಗಸಿಗೆ ಓಡಿಸಿದವನಿಗೆ ಖಾಲಿ ಗೂಟ ನೋಡೋದು ಸುಲಭ ಅಲ್ಲ. ಆದರೆ ಹಬ್ಬದ ಒಂದು ದಿನದ ಮಾನಕ್ಕ ಮುನ್ನೂರರವತ್ತು ದಿನ ಒಂದು ಜೀವ ಅರೆಹೊಟ್ಟಿ ಇಡೋದು ಮಾನ ಅಲ್ಲ.

ಒಂದು ಎಚ್ಚರಿಕಿ ಮಾತೂ ಹೇಳಬೇಕು. ಹಾಲು ಹೆಚ್ಚಾತು, ಲೀಟರಿಗೆ ತೇಗು ಕಡಿಮೆ ಆತು ಅಂತ ಹೇಳಿ, ಬಂದ ಲಾಭಕ್ಕ ಇನ್ನೂ ಎರಡು ಎಮ್ಮಿ ಕಟ್ಟಿದರ ಹವಾಕ್ಕ ಏನು ಬಂತು? ಒಟ್ಟು ತೇಗು ಮೊದಲಿಗಿಂತ ಹೆಚ್ಚೇ ಆಗತದ. 2019ರ ಜಾನುವಾರು ಗಣತಿಯೊಳಗ ನಮ್ಮ ದೇಶದಾಗ 19 ಕೋಟಿ ಮ್ಯಾಲೆ ದನ, ಸುಮಾರು 11 ಕೋಟಿ ಎಮ್ಮಿ ಇದ್ದವು. ಅದರಾಗ ಎಷ್ಟು ಹೊಟ್ಟಿ ತುಂಬಿದವು, ಎಷ್ಟು ಬೀದಿಗೆ ಬಿದ್ದವು ಅಂತ ನಮ್ಮ ಕಣ್ಣೇ ನೋಡತಾವ. ನನ್ನ ಒಂದು ಎಮ್ಮಿಯಿಂದ ಜಗತ್ತು ತಂಪಾಗೂದಿಲ್ಲ, ಅದು ನನಗೂ ಗೊತ್ತು. ಆದರೆ ಮಿಥೇನ್ 12 ವರ್ಷದಾಗ ಕರಗತದ ಅಂದೆನಲ್ಲ, ಅದರಾಗ ನನಗ ಒಂದು ಸಮಾಧಾನ ಅದ. ಕಲ್ಲಿದ್ದಲಿನ ಹೊಗಿ ಇಂದು ನಿಲ್ಲಿಸಿದರೂ ಹಳೇದು ಮರಿಮಕ್ಕಳ ಕಾಲಕ್ಕೂ ಉಳಿತದ. ತೇಗು ಕಡಿಮೆ ಮಾಡಿದ್ದರ ಫಲ ಮಾತ್ರ ನನ್ನ ಮೊಮ್ಮಗಳು ಮೂವತ್ತು ತುಂಬುವುದರೊಳಗ ನೋಡತಾಳ. ಬಿಸಿಲು ಹೆಚ್ಚಾದರ ಮೊದಲು ಸಂಕಟ ಬೀಳೋದೂ ನಮ್ಮ ಎಮ್ಮಿಗೇ. ಎಮ್ಮಿಗೆ ಬೆವರು ಕಡಿಮೆ, ಚರ್ಮ ಕಪ್ಪು, ಬ್ಯಾಸಗಿಯಾಗ ನೀರಾಗ ಬೀಳದೆ ತಾಳೂದಿಲ್ಲ. ಮೇ ತಿಂಗಳಾಗ ಅದು ನಾಲಿಗಿ ಹೊರಗ ಹಾಕಿ ನಿಂತಾಗ ಜವಾಬ್ದಾರಿ ಯಾರದು ಅಂತ ಅದು ಕೇಳೂದಿಲ್ಲ. ನಾವೇ ಕೇಳಿಕೊಳ್ಳಬೇಕು.

ನಮ್ಮ ಕನ್ನಡದಾಗ ಸಾಕು ಅನ್ನೋ ಮಾತಿಗೆ ಎರಡು ಅರ್ಥ ಅದಾವ. ಸಾಕು ಅಂದರ ಜೋಪಾನ ಮಾಡು. ಸಾಕು ಅಂದರ ಇಷ್ಟಕ್ಕ ನಿಲ್ಲಿಸು. ಇಷ್ಟು ವರ್ಷ ಹಾಡಿದರೂ ನನಗ ಇವೆರಡು ಒಂದೇ ಮಾತಿನೊಳಗ ಯಾಕ ಇದಾವ ಅಂತ ಹೊಳೆದಿರಲಿಲ್ಲ. ಇಷ್ಟಕ್ಕ ಸಾಕು ಅನ್ನಲಾರದವ ಚಲೋತ್ನ್ಯಾಗಿ ಸಾಕಲಾರ.

ಮೊಮ್ಮಗಳ ಸವಾಲಿಗೆ ಮುತ್ಯಾನ ಜವಾಬು ಇದು: ಹೌದವ್ವಾ, ನಾನೂ ಜವಾಬ್ದಾರ. ಅಮೇರಿಕಾದವನಷ್ಟಲ್ಲ, ಆದರೆ ನನ್ನ ಪಾಲಿನಷ್ಟು. ಆ ಪಾಲು ನನ್ನ ಗೂಟ ಎಷ್ಟು ಅವೋ ಅಷ್ಟು. ಅವನು ಅವನ ಕಾರು ಎಣಿಸಲಿ, ನಾ ನನ್ನ ಗೂಟ ಎಣಸತೀನಿ.

ಓದಿದವರಿಗೆ ಇದರಾಗ ತಪ್ಪು ಕಂಡರ, ಎದುರು ಸವಾಲು ಇದ್ದರ, ನಮ್ಮ ವಾಚನಾಲಯದ ಕಟ್ಟಿ ಮ್ಯಾಲೆ ಸಂಜಿ ಮುಂದ ಎಮ್ಮಿ ಹಿಂಡಿ ಬಂದು ಕೂತಿರತೀನಿ. ಕೇಳ್ರಿ. ಈ ಸಲ ತಿರುಗಿ ಸವಾಲು ಹಾಕೂದಿಲ್ಲ, ಗೊತ್ತಿದ್ದರ ಜವಾಬು ಕೊಡತೀನಿ, ಗೊತ್ತಿಲ್ಲದಿದ್ದರ ಸೋತೆ ಅಂತೀನಿ.